ಆಫ್ ರೋಡ್ ಗಾಡಿ, ತಲೆ ಮೇಲೆ ಬಾಕಿ!

ಕನ್ನಡದ ತರುಣರೇ,

ಸಾಲಸೋಲ ಮಾಡಿ ಹಳೆಯ ಮಿನಿ ಬಸ್ಸೊಂದನ್ನು ಕೊಂಡು ಸ್ವಂತ ದುಡಿಮೆಗೆ ಇಳಿಯಲು ಹೊರಟಿದ್ದೀರಾ? ಭೇಷ್! ನೌಕರಿಗಾಗಿ ಪರರ ಬಾಗಿಲು ಕಾಯುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಮುಂಗಡ ಕೊಡುವ ಮುನ್ನ ನಮ್ಮ ಮಾತು ಕೇಳಿ.

ಶೆಡ್ಡಿನಲ್ಲಿ ಎರಡು ವರ್ಷದಿಂದ ಧೂಳು ತಿನ್ನುತ್ತ ನಿಂತ ಗಾಡಿ ತೋರಿಸಿ ಬ್ರೋಕರ್ ಹೇಳುತ್ತಾನೆ: "ಆಫ್ ರೋಡ್ ಗಾಡಿ ಗುರೂ, ಟ್ಯಾಕ್ಸ್ ತಲೆನೋವೇ ಇಲ್ಲ." ನಂಬಿದಿರೋ, ಕೆಟ್ಟಿರಿ!

ನಮ್ಮ ರಾಜ್ಯದ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಗೆ ಗಾಡಿಯ ಪಂಕ್ಚರಾದ ಟೈರು ಕಾಣುವುದಿಲ್ಲ, ಆರ್‌ಸಿ ಮಾತ್ರ ಕಾಣುತ್ತದೆ. ನೋಂದಣಿ ಚಾಲ್ತಿಯಲ್ಲಿದ್ದರೆ ಆ ಗಾಡಿ ರಸ್ತೆಗೆ ಯೋಗ್ಯವೆಂದೇ ಲೆಕ್ಕ. ಎಫ್‌ಸಿ ಇಲ್ಲ, ಓಡಿಸಿಲ್ಲ, ತೆರಿಗೆ ಏಕೆ ಕಟ್ಟಬೇಕು ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರ್ನಾಟಕದ್ದೇ ಮೊಕದ್ದಮೆ. 1987ರಲ್ಲಿ ತೀರ್ಪು ಬಂತು: ಮೊದಲು ತೆರಿಗೆ ಕಟ್ಟು, ಬಳಸಿಲ್ಲವೆಂದು ರುಜುವಾತು ಮಾಡಿ ಆಮೇಲೆ ವಾಪಸು ಕೇಳು!

2025ರ ಆಗಸ್ಟಿನಲ್ಲಿ ಅದೇ ಕೋರ್ಟು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗೇ ಓಡಾಡಿದ ವಾಹನಗಳಿಗೆ ತೆರಿಗೆ ಇಲ್ಲ ಎಂದಿತು. ಬ್ರೋಕರ್ ಅದನ್ನೂ ಹೇಳಿ ಮಂಕುಬೂದಿ ಎರಚಬಹುದು. ಅದು ಆಂಧ್ರದ ಕಾಯ್ದೆಯ ಮೇಲೆ ಬಂದ ತೀರ್ಪು; ಅಲ್ಲಿನ ಕಾಯ್ದೆಯ ಮಾತೇ ಬೇರೆ, ನಮ್ಮದೇ ಬೇರೆ.

ಇನ್ನೂ ದೊಡ್ಡ ಪೆಟ್ಟು ಇಲ್ಲಿದೆ. ಹಳೆಯ ಮಾಲೀಕ ಉಳಿಸಿಹೋದ ತೆರಿಗೆ ಬಾಕಿ ಗಾಡಿಯ ಜೊತೆಗೇ ಕೊಂಡವನ ಹೆಗಲೇರುತ್ತದೆ. ಅವನು ತಿಂದ, ನೀವು ಕೈ ತೊಳೆಯಬೇಕು! (ಬೈಕು, ಸ್ವಂತ ಕಾರಿಗೆ ಜೀವಾವಧಿ ತೆರಿಗೆ ಇರುವುದರಿಂದ ಅಲ್ಲಿ ಈ ಕಾಟ ಕಡಿಮೆ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಬಸ್ಸಿನಂಥ ಗಾಡಿಗಳಲ್ಲೇ ಜನ ಮುಳುಗುವುದು.)

ಆದ್ದರಿಂದ ಬಾಯಿಮಾತಿನ 'ಆಫ್ ರೋಡ್' ಬೇಡ. ಗಾಡಿ ನಿಲ್ಲಿಸಿದ್ದೇವೆಂದು ಮಾಲೀಕ ಆರ್‌ಟಿಓಗೆ ಬರೆದುಕೊಟ್ಟಿದ್ದಾನೆಯೇ? ಸ್ವೀಕೃತಿ ಎಲ್ಲಿ? ಯಾವ ದಿನದಿಂದ ಯಾವ ದಿನದವರೆಗೆ? ಕಾಗದ ಸರಿಯಿದ್ದರೂ ಹುಷಾರು. ಬಳಕೆಯಲ್ಲಿಲ್ಲ ಎಂದು ಬರೆದುಕೊಟ್ಟ ಗಾಡಿಯನ್ನು ಕೊಂಡ ಖುಷಿಯಲ್ಲಿ ಅಂದೇ ಓಡಿಸಿಕೊಂಡು ಬಂದು ಸಿಕ್ಕಿಬಿದ್ದರೆ ಆ ಕಾಗದ ಕಸದ ಬುಟ್ಟಿಗೆ. ತೆರಿಗೆ, ಎಫ್‌ಸಿ, ವಿಮೆ ಮೂರೂ ಸರಿಯಾಗುವವರೆಗೆ ಚಕ್ರ ಉರುಳಬಾರದು. ಕೊಂಡ 30 ದಿನದೊಳಗೆ ಆರ್‌ಸಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದನ್ನೂ ಮರೆಯಬೇಡಿ.

ಇಷ್ಟೆಲ್ಲ ತಿಳಿಯದೆ ನಮ್ಮ ಹುಡುಗರು ಏಕೆ ಮೋಸಹೋಗುತ್ತಾರೆ? ದಡ್ಡರೆಂದೇ? ಅಲ್ಲ! ಇಂಗ್ಲಿಷಿನಲ್ಲಿ ತುಂಬಿದ ಫಾರಂ ಮುಂದಿಟ್ಟು "ಇಲ್ಲಿ ಸೈನ್ ಹಾಕು" ಎಂದರೆ ಏನಿದೆಯೆಂದು ಕೇಳಲು ಸಂಕೋಚ. ಆ ಸಂಕೋಚವೇ ಬ್ರೋಕರ್‌ನ ಬಂಡವಾಳ. ಕನ್ನಡ ಈ ನಾಡಿನ ಆಡಳಿತ ಭಾಷೆ ಎಂದು 1963ರಲ್ಲೇ ಕಾಯ್ದೆಯಾಗಿದೆ. ಈ ಗಾಡಿಯ ಬಾಕಿ ಎಷ್ಟು, ಯಾವ ತಿಂಗಳಿನಿಂದ ಎಂದು ಕನ್ನಡದಲ್ಲಿ ಅರ್ಜಿ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ, ಮೊಹರು ಹಾಕಿಸಿಯೇ ಕೇಳಿ. ಕೌಂಟರಿನಾಚೆ ಕೂತವರು ಗೊಣಗಿದರೆ ಗೊಣಗಲಿ. ಆ ಕಾಗದ ಕೈಸೇರುವ ತನಕ ಮುಂಗಡದ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.