ಸಿಂಗಟಾಲೂರಿಗೆ ಅಂಟಾರ್ಕ್ಟಿಕಾ ಯಾತಕ್ಕೆ?

“ನಿಮ್ಮ ಸಿಂಗಟಾಲೂರಿಗೆ ಅಂಟಾರ್ಕ್ಟಿಕಾ ಯಾತಕ್ಕ ಬೇಕ್ರೀ?”

ಸಂಶೋಧನೆಯ ಪ್ರಗತಿ ಒಪ್ಪಿಸುವ ಸಭೆಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದರು. ನನ್ನ ಪಿಎಚ್.ಡಿ. ವಿಷಯ ಕನ್ನಡದ ಆಕರ ಗ್ರಂಥಗಳು. ಧ್ರುವ ಪ್ರದೇಶಗಳ ಬಗ್ಗೆ ಕನ್ನಡದಲ್ಲಿ ಒಂದು ಸ್ವತಂತ್ರ ವಿಷಯಕೋಶ ಆಗಬೇಕು ಎಂದು ಅಧ್ಯಾಯವೊಂದರ ಕೊನೆಗೆ ಬರೆದಿದ್ದೆ. ಸಭೆ ನಕ್ಕಿತು. ನಾನೂ ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. ಈ ಬರಹ ಅದರ ತಪ್ಪುಕಾಣಿಕೆ.

ಮೊದಲು ನಮ್ಮೂರಿನ ಮಾತು. ಸಿಂಗಟಾಲೂರು ತುಂಗಭದ್ರೆಯ ದಂಡೆಯ ಮೇಲಿದೆ. ಹೊರಗಿನವರಿಗೆ ಅದು ವೀರಭದ್ರ ದೇವರ ಊರು, ಇಲ್ಲವೇ ಏತ ನೀರಾವರಿ ಯೋಜನೆಯ ಹೆಸರು. ಹಮ್ಮಿಗಿ ಬಳಿ ಬ್ಯಾರೇಜ್ ಎದ್ದ ಮೇಲೆ ಹಿನ್ನೀರು, ಮುಳುಗಡೆ, ಪುನರ್ವಸತಿ ಎಂಬ ಪದಗಳು ಈ ಸೀಮೆಯ ಕಟ್ಟೆಗಳ ಮೇಲೆ ಬಂದು ಕೂತವು. ಶಾಲೆಯ ಮೆಟ್ಟಿಲು ಹತ್ತದವರೂ ಟಿಎಂಸಿ, ಕ್ಯುಸೆಕ್ ಎಂದು ಲೆಕ್ಕ ಹಾಕಿ ಮಾತಾಡುತ್ತಾರೆ. ಈ ಪದಗಳು ರೈತರಿಗೆ ಯಾತಕ್ಕೆ ಎಂದು ಆಗ ಯಾರೂ ಕೇಳಲಿಲ್ಲ. ಬದುಕಿಗೆ ತಾಗುವ ಪದವನ್ನು ಜನ ಬೇಗ ಕಲಿಯುತ್ತಾರೆ. ಹಳ್ಳಿಯವರಿಗೆ ಇಷ್ಟು ಸಾಕು ಎಂದು ಅಳೆದು ಕೊಡುವವರು ಹಳ್ಳಿಯವರಲ್ಲ, ಓದಿಕೊಂಡ ನಾವು.

ಧ್ರುವದ ಹಿಮ ನಮ್ಮ ಬದುಕಿಗೆ ತಾಗುವುದೇ? ಕಾರವಾರ, ಮಂಗಳೂರು ನಮ್ಮವೇ ಆದರೆ, ತಾಗುತ್ತದೆ. ಆದರೆ ಅದನ್ನು ಸರಿಯಾಗಿ ಹೇಳಲು ಕನ್ನಡದಲ್ಲಿ ಇವತ್ತು ಪದಗಳು ಗಟ್ಟಿಯಾಗಿ ನಿಂತಿಲ್ಲ. ಮಂಜು ಎಂದರೆ ಮುಂಜಾವಿನ ದಾರಿ ಮುಚ್ಚುವ ಮಂಜೂ ಹೌದು, ಆಕಾಶದಿಂದ ಬೀಳುವ ಹಿಮವೂ ಹೌದು. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟಿದ್ದೂ ಮಂಜುಗಡ್ಡೆ, ನೆಲದ ಮೇಲಿನ ಹಿಮನದಿಯಿಂದ ಮುರಿದು ಬಿದ್ದ ಸಿಹಿನೀರಿನ ಗುಡ್ಡವೂ ಮಂಜುಗಡ್ಡೆ. ಇದು ಬರೀ ಪದದ ಜಗಳವಲ್ಲ. ತೇಲುತ್ತಿರುವ ಸಮುದ್ರದ ಹಿಮ ಕರಗಿದರೆ ನೀರಿನ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ. ನೆಲದ ಮೇಲಿನ ಹಿಮ ಕರಗಿದರೆ ಏರುತ್ತದೆ. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸುಮಾರು 7 ಮೀಟರ್, ಅಂಟಾರ್ಕ್ಟಿಕಾದ್ದು ಕರಗಿದರೆ ಸುಮಾರು 58 ಮೀಟರ್. ಎರಡಕ್ಕೂ ಒಂದೇ ಹೆಸರಿಟ್ಟು ‘ಧ್ರುವದ ಮಂಜು ಕರಗಿ ಕಡಲು ಉಕ್ಕಲಿದೆ’ ಎಂದು ಬರೆದರೆ ಓದುಗ ಹೆದರುತ್ತಾನೆ, ಆದರೆ ಅವನಿಗೆ ಏನೂ ತಿಳಿಯುವುದಿಲ್ಲ.

ಇಂಥ ಗೊಂದಲವನ್ನು ಬೇರೆಯವರು ಹೇಗೆ ಬಿಡಿಸಿಕೊಂಡರು ನೋಡಿ. ಕೇಂಬ್ರಿಜ್‌ನಲ್ಲಿ 1920ರಲ್ಲಿ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆ ಹುಟ್ಟಿತು. ಅಲ್ಲಿಂದ 1966ರಲ್ಲಿ ಆರ್ಮ್‌ಸ್ಟ್ರಾಂಗ್, ರಾಬರ್ಟ್ಸ್, ಸ್ವಿಥಿನ್‌ಬ್ಯಾಂಕ್ ಎಂಬ ಮೂವರು ಹಿಮದ ಸಚಿತ್ರ ಪದಕೋಶ ಹೊರತಂದರು. ಪ್ರತಿ ಬಗೆಯ ಹಿಮಕ್ಕೂ ಒಂದು ಹೆಸರು, ಅರ್ಥವಿವರಣೆ, ಛಾಯಾಚಿತ್ರ, ಜೊತೆಗೆ ರಷ್ಯನ್, ಐಸ್‌ಲ್ಯಾಂಡಿಕ್ ಮೊದಲಾದ ಭಾಷೆಗಳ ಸಮಾನಪದ. ತಪ್ಪು ಪದ ಕೂಗಿದರೆ ಹಡಗು ಒಡೆಯುವ ಜಾಗದಲ್ಲಿ ಪದಕೋಶ ಪಂಡಿತರ ಶೋಕಿಯಾಗಿರಲಿಲ್ಲ. ಮುಂದೆ 2005ರಲ್ಲಿ ಮೂರು ಸಂಪುಟಗಳ ಆರ್ಕ್ಟಿಕ್ ವಿಶ್ವಕೋಶ, 2007ರಲ್ಲಿ ಎರಡು ಸಂಪುಟಗಳ ಅಂಟಾರ್ಕ್ಟಿಕ್ ವಿಶ್ವಕೋಶ ಬಂದವು. ಆರ್ಕ್ಟಿಕ್ ಕೋಶದ ಸಂಪಾದಕ ಮಾರ್ಕ್ ನಟಾಲ್ ಮಾನವಶಾಸ್ತ್ರಜ್ಞರು. ಅದು ಕರಡಿ ಮತ್ತು ಹಿಮದ ಕೋಶವಷ್ಟೇ ಅಲ್ಲ, ಅಲ್ಲಿ ಬಾಳಿದ ಇನ್ಯುಯಿಟ್, ಸಾಮಿ ಜನರ ಕೋಶವೂ ಹೌದು.

ನಮ್ಮಲ್ಲಿ ಕೋಶ ಕಟ್ಟುವ ಕಸುವು ಇರಲಿಲ್ಲವೇ? ಸುಮಾರು 1025ರಲ್ಲೇ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಜ್ಯೋತಿಷ್ಯ, ಅಂತರ್ಜಲ, ಗಿಡಮರ, ಅಡುಗೆ, ವೈದ್ಯ ಎಲ್ಲವನ್ನೂ ಕನ್ನಡಕ್ಕೆ ತಂದ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಕೊಟ್ಟರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ಈ ಮಕ್ಕಳಿಗೆ ಇದೆಲ್ಲ ಯಾತಕ್ಕೆ ಎಂದು ಅವರು ಕೇಳಿಕೊಂಡಿದ್ದರೆ ಒಂದು ಪುಟವೂ ಹುಟ್ಟುತ್ತಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳ ಸಾಹಸ. ಮೊದಲ ಸಂಪುಟ 1969ರಲ್ಲಿ, ಕೊನೆಯದು 2004ರಲ್ಲಿ. ಆದರೆ ಅಕಾರಾದಿಯ ದುರ್ದೈವ ನೋಡಿ: ಅಂಟಾರ್ಕ್ಟಿಕ, ಆರ್ಕ್ಟಿಕ್ ಎರಡೂ ಮೊದಲ ಅಕ್ಷರಗಳಲ್ಲೇ ಬರುತ್ತವೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಹಳತಾಗುತ್ತವೆ. 1969ರಲ್ಲಿ ಭಾರತ ಅಂಟಾರ್ಕ್ಟಿಕಾದ ಮೇಲೆ ಕಾಲಿಟ್ಟಿರಲಿಲ್ಲ. ಖಾಸಿಂ ಅವರ ನೇತೃತ್ವದ ಮೊದಲ ತಂಡ ಗೋವಾದಿಂದ ಹೊರಟದ್ದು 1981ರ ಡಿಸೆಂಬರಿನಲ್ಲಿ. ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ, ಉತ್ತರದ ಹಿಮಾದ್ರಿ ನೆಲೆಗಳೆಲ್ಲ ಆಮೇಲಿನವು.

ತೆರವಾದ ಜಾಗ ತೆರವಾಗಿ ಉಳಿಯುವುದಿಲ್ಲ. ತಿಲಕರು 1903ರಲ್ಲಿ ಆರ್ಯರ ಮೂಲನೆಲೆ ಉತ್ತರಧ್ರುವ ಎಂದು ವಾದಿಸಿ ಒಂದು ಇಂಗ್ಲಿಷ್ ಪುಸ್ತಕ ಬರೆದರು. ಅದರ ಸಾರಾಂಶ ಇಂದಿಗೂ ವಾಟ್ಸ್‌ಆ್ಯಪಿನಲ್ಲಿ ಸಿದ್ಧಾಂತವಾಗಿ ಓಡಾಡುತ್ತಿದೆ. ಹಾಸ್ಟೆಲಿನ ಹುಡುಗನೊಬ್ಬ ಅದನ್ನು ತೋರಿಸಿ “ಖರೇ ಏನಣ್ಣಾ?” ಎಂದಾಗ, ತೆಗೆದು ನೋಡು ಎಂದು ಕೈಗಿಡಲು ಕನ್ನಡದ ಪುಸ್ತಕವಿರಲಿಲ್ಲ. ಆಕರ ಗ್ರಂಥ ಇಲ್ಲದ ಭಾಷೆಯಲ್ಲಿ ಗಟ್ಟಿ ದನಿಯವನೇ ಆಕರವಾಗುತ್ತಾನೆ.

ಇಂಗ್ಲಿಷಿನಲ್ಲಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದರ ಬೆಲೆ ಕೇಳಿ ನಾನು ಕೈ ಹಿಂದೆಗೆದಿದ್ದೇನೆ. ಯಂತ್ರ ಅನುವಾದಿಸುತ್ತದಲ್ಲ ಎನ್ನುವವರೂ ಇದ್ದಾರೆ. ನಾವು ನಿಲ್ಲಿಸದ ಪದವನ್ನು ಯಂತ್ರ ಎಲ್ಲಿಂದ ತರುತ್ತದೆ? ಅದೂ ಎಲ್ಲಕ್ಕೂ ಮಂಜುಗಡ್ಡೆ ಎಂದೇ ಹೇಳುತ್ತದೆ. ಪದಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಕಡಲ ಮೇಲೆ ಹಾಲಿನ ಕೆನೆಯಂತೆ ಬಳುಕುವ ಎಳೆಯ ಪದರಕ್ಕೆ ಕೆನೆಹಿಮ ಎನ್ನಬಹುದು. ದಂಡೆಗೆ ಕಚ್ಚಿಕೊಂಡು ನಿಂತದ್ದು ದಂಡೆಹಿಮ. ಒಂದಕ್ಕೊಂದು ಬಡಿದು ಅಂಚು ಮೇಲೆದ್ದ ದುಂಡನೆಯದು ತಟ್ಟೆಹಿಮ. ಇವು ಸರಿಯಿಲ್ಲದಿದ್ದರೆ ತಿದ್ದಿ. ತಿದ್ದಲಿಕ್ಕಾದರೂ ಒಂದು ಕೋಶ ಬೇಕಲ್ಲ.

ತಜ್ಞರಿಲ್ಲ ಎಂಬ ನೆಪವೂ ನಿಲ್ಲದು. ದೇಶದ ಧ್ರುವ ಸಂಶೋಧನಾ ಕೇಂದ್ರ ಇರುವುದು ಪಕ್ಕದ ಗೋವಾದ ವಾಸ್ಕೋದಲ್ಲಿ. ಗದಗದಿಂದ ಅಲ್ಲಿಗೆ ರೈಲಿದೆ. ಅಲ್ಲಿನ ವಿಜ್ಞಾನಿಯನ್ನೂ ಕನ್ನಡ ಬಲ್ಲ ಸಂಶೋಧನಾ ವಿದ್ಯಾರ್ಥಿಯನ್ನೂ ಜೋಡಿ ಮಾಡಿ ಕೂರಿಸಿದರೆ ಮುನ್ನೂರು ನಮೂದುಗಳ ಒಂದು ಸಂಪುಟ ಅಸಾಧ್ಯವೇನಲ್ಲ. ಅಡ್ಡಿ ಬೇರೆ ಕಡೆ ಇದೆ. “ಕೋಶದ ಕೆಲಸ ಸಂಗ್ರಹ, ಸಂಶೋಧನೆಯಲ್ಲ” ಎಂದೂ ನನಗೆ ಅದೇ ಸಭೆಯಲ್ಲಿ ಹೇಳಲಾಯಿತು. ಯಾರೂ ಓದದ ಲೇಖನಕ್ಕೆ ಸಿಗುವ ಮಾನ ಹತ್ತು ಸಾಲಿನ ನಿಖರ ನಮೂದಿಗೆ ಸಿಗದಿದ್ದರೆ, ಎಳೆಯರು ಯಾಕೆ ಅದನ್ನು ಬರೆದಾರು? ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದರು, ನಿಘಂಟು ಬಂದದ್ದು 1894ರಲ್ಲಿ. ಅದನ್ನೂ ಬರೀ ಸಂಗ್ರಹ ಅನ್ನೋಣವೇ?

ಸಭೆ ಮುಗಿಸಿ ಊರಿಗೆ ಹೋದಾಗ ನಡೆದದ್ದನ್ನು ಕಾಕಾನಿಗೆ ಹೇಳಿದೆ. ಕಾಕಾ ನಗಲಿಲ್ಲ. ಹಿನ್ನೀರಿನ ಕಡೆ ನೋಡುತ್ತ ಕೇಳಿದರು: “ತಮ್ಮಾ, ನೀರಾಗ ತೇಲೂ ಹಿಮ ಕರಗಿದ್ರೂ ಸಮುದ್ರ ಏರತೈತೇನು?”

ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಲೋಟದಲ್ಲಿ ಹಿಮದ ತುಂಡು ತೇಲಿಸಿದಂತೆ ವಿವರಿಸಿ ಹೇಳಿದೆ. “ಇದನ್ನ ಯಾವ ಪುಸ್ತಕದಾಗ ಬರದಾರ? ತಂದು ಕೊಡು, ಓದತೀನಿ” ಅಂದರು.

ತಂದುಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ.