ಮುಗಿಯದ ಎಣಿಕೆ

ಕೊನೆಯಿಲ್ಲದೆ ಎಣಿಸುತ್ತಿರೆಂದು ಗಣಕಯಂತ್ರಕ್ಕೆ ಆಜ್ಞಾಪಿಸುವುದು ಅವಿವೇಕವೆಂದು ಹಲವರು ಭಾವಿಸಿದ್ದಾರೆ. ಇದನ್ನು ನಾನು ಒಪ್ಪಲಾರೆ. ಜಾಲತಾಣವೊಂದು ಸರಿಯಾಗಿ ನಡೆಯುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡಿ, ನೋಡಿದ್ದು ಎಷ್ಟನೆಯ ಸಲವೆಂದು ಲೆಕ್ಕವಿಡುವ ಕೆಲಸಕ್ಕೆ ಕೊನೆಯಾದರೂ ಏಕಿರಬೇಕು? ಆಕ್ಷೇಪಿಸಬೇಕಾದದ್ದು ಎಣಿಕೆಯನ್ನು ಬೇಡುವ ರೀತಿಯನ್ನು.

ನಾವು ಬೆರಳಚ್ಚಿಸುವ ಆಜ್ಞೆಗಳನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ಮಧ್ಯವರ್ತಿಗೆ ಷೆಲ್ ಎಂದು ಹೆಸರು. ಆ ಆಜ್ಞೆಗಳನ್ನು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಷೆಲ್ ಸ್ಕ್ರಿಪ್ಟ್. ಗ್ನೂ ಬಳಗದ 'ಸೀಕ್' ಎಂಬ ಉಪಕರಣಕ್ಕೆ ಅನಂತದವರೆಗೆ ಎಣಿಸೆಂದು ಹೇಳಬಹುದು. ಅದು ಹೊರಗೆಡಹುವ ಸಂಖ್ಯೆಗಳನ್ನು 'ಫಾರ್' ಆವರ್ತನಕ್ಕೆ ಪಟ್ಟಿಯಾಗಿ ಒಪ್ಪಿಸುವವರುಂಟು. ನೋಡಲು ಬಲು ಅಚ್ಚುಕಟ್ಟು! ಆದರೆ ಪಟ್ಟಿ ಪೂರ್ಣವಾಗಿ ಕೈಸೇರುವವರೆಗೆ ಷೆಲ್ ಮೊದಲನೆಯ ಸುತ್ತನ್ನೇ ಆರಂಭಿಸದು. ಅನಂತದ ಪಟ್ಟಿ ಪೂರ್ಣವಾಗುವುದೆಂದಿಗೆ? ನೆಂಟರೆಲ್ಲರೂ ಬಂದು ಸೇರಿದ ಮೇಲೆಯೇ ಮೊದಲ ಪಂಕ್ತಿಗೆ ಎಲೆ ಹಾಕುವೆನೆಂಬ ಯಜಮಾನನ ಪಾಡು ಇದು. ಇತ್ತ ಯಂತ್ರದ ಸ್ಮೃತಿ ತುಂಬುತ್ತ ಹೋಗಿ, ಅದೇ ಯಂತ್ರವನ್ನು ನಂಬಿದ ಇತರರ ಕೆಲಸವೂ ಕೆಡುತ್ತದೆ.

ಸೊನ್ನೆಯಿಂದ ತೊಡಗಿ, 'ವೈಲ್' ಆವರ್ತನದ ಪ್ರತಿ ಸುತ್ತಿನಲ್ಲಿಯೂ ಒಂದನ್ನು ಕೂಡಿಸುತ್ತ ಹೋಗುವುದೇ ನನ್ನ ಮಟ್ಟಿಗೆ ಲೇಸು. ಸ್ಮೃತಿಯಲ್ಲಿ ಒಂದೇ ಸಂಖ್ಯೆ ಇದ್ದರೆ ಸಾಕು. 1979ರಲ್ಲಿ ಹೊರಬಂದ ಬೋರ್ನ್ ಷೆಲ್ಲಿಗೆ ಕೂಡುವುದೇ ತಿಳಿದಿರಲಿಲ್ಲ. ಪ್ರತಿ ಸಂಕಲನಕ್ಕೂ ಬೇರೊಂದು ಉಪಕರಣವನ್ನು ಕರೆಯಬೇಕಾಗಿತ್ತು. ಇಂದಿನ ಷೆಲ್‌ಗಳಿಗೆ ಆ ತೊಡಕಿಲ್ಲ. ಸುತ್ತುಗಳ ನಡುವೆ 'ಸ್ಲೀಪ್' ಆಜ್ಞೆಯಿಂದ ಬಿಡುವು ಕೊಡದಿದ್ದರೆ ಮಾತ್ರ ಯಂತ್ರ ವ್ಯರ್ಥವಾಗಿ ದಣಿಯುತ್ತದೆ.

ಎಣಿಕೆ ನಿಜಕ್ಕೂ ಅನಂತವೇ? ಇಲ್ಲ. 'ಬ್ಯಾಷ್' ಷೆಲ್ ತನ್ನ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ ಹಿಡಿದಿಡುತ್ತದೆ. 92,23,37,20,36,85,47,75,807 ಆದ ಮೇಲೆ ಇನ್ನೊಂದನ್ನು ಕೂಡಿಸಿದರೆ, ಯಾವ ಎಚ್ಚರಿಕೆಯನ್ನೂ ಕೊಡದೆ ಋಣಸಂಖ್ಯೆಗೆ ಜಾರುತ್ತದೆ. ಸೆಕೆಂಡಿಗೆ ಹತ್ತು ಲಕ್ಷದಂತೆ ಎಣಿಸಿದರೂ ಅಲ್ಲಿಗೆ ತಲುಪಲು ಸುಮಾರು 2,92,000 ವರ್ಷ ಬೇಕೆಂಬುದು ನಿಜ. ಆದರೆ ಎಲ್ಲ ಎಣಿಕೆಗಳಿಗೂ ಇಷ್ಟು ಅವಕಾಶವಿರುವುದಿಲ್ಲ. ಬೋಯಿಂಗ್ 787 ವಿಮಾನದಲ್ಲಿ ವಿದ್ಯುತ್ತು 248 ದಿನ ಎಡೆಬಿಡದೆ ಹರಿದರೆ, ಜನರೇಟರುಗಳ ನಿಯಂತ್ರಕದೊಳಗಿನ ಎಣಿಕೆ ಮಿತಿಮೀರಿ, ವಿದ್ಯುತ್ಪೂರೈಕೆಯೇ ನಿಲ್ಲಬಹುದೆಂದು 2015ರಲ್ಲಿ ಕಂಡುಬಂದಿತು. ಆಗಾಗ ವಿದ್ಯುತ್ತನ್ನು ಆರಿಸಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಆಜ್ಞೆ ಹೊರಡಿಸಿತು.

ನಮ್ಮ ಕಾವಲಿನ ಸ್ಕ್ರಿಪ್ಟಿಗೆ ಈ ಭಯವಿಲ್ಲ. ಅದಕ್ಕಿರುವ ಅಪಾಯ ಬೇರೆ. ಯಂತ್ರ ಆರಿದೊಡನೆ, ಅಥವಾ ಯಾರಾದರೂ ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿದೊಡನೆ, ಅಂದಿನವರೆಗಿನ ಲೆಕ್ಕ ಅಳಿಸಿಹೋಗುತ್ತದೆ. ಆದುದರಿಂದ ಪ್ರತಿ ಸುತ್ತಿನಲ್ಲಿಯೂ ಆ ಸಂಖ್ಯೆಯನ್ನು ಕಡತವೊಂದರಲ್ಲಿ ಬರೆದಿಡತಕ್ಕದ್ದು. ಮತ್ತೆ ಆರಂಭವಾದಾಗ ಸ್ಕ್ರಿಪ್ಟು ಅದನ್ನು ಓದಿಕೊಂಡು ಮುಂದಿನ ಅಂಕೆಯಿಂದ ಎಣಿಸತೊಡಗುತ್ತದೆ.