ಸೂಜಿಯೂ ಪದವಿಯೂ

ಮನುಷ್ಯನಾಗಿ ಹುಟ್ಟಿದವನಿಗೆ ಒಂದಲ್ಲ ಒಂದು ಗೀಳು ಇದ್ದೇ ಇರುತ್ತದೆ. ಅಂಚೆಚೀಟಿ ಕೂಡಿಡುವವರು, ಹಳೆಯ ನಾಣ್ಯಕ್ಕಾಗಿ ಸಂತೆ ಸುತ್ತುವವರು, ಕ್ರಿಕೆಟ್ ಆಟಗಾರರ ಓಟಗಳ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುವವರು ನಮ್ಮ ಕಾಲೇಜಿನಲ್ಲಿಯೇ ಇದ್ದಾರೆ. ಅವರನ್ನು ಯಾರೂ ವಿಚಿತ್ರ ಪ್ರಾಣಿಗಳೆಂದು ಎಣಿಸುವುದಿಲ್ಲ. ನನ್ನ ಗೀಳು ವೇಷ ಹೊಲಿಯುವುದು. ಕಥೆಯಲ್ಲಿಯೋ ಚಲನಚಿತ್ರದಲ್ಲಿಯೋ ಮನಸ್ಸಿಗೆ ಹಿಡಿದ ಪಾತ್ರವೊಂದರ ಉಡುಗೆ ತೊಡುಗೆಗಳನ್ನು, ಒಂದು ಗುಂಡಿಯೂ ತಪ್ಪದಂತೆ ಕೈಯಾರೆ ಮಾಡಿ, ಒಂದು ದಿನ ತೊಟ್ಟು ನಿಲ್ಲುವುದು. ಇಷ್ಟು ಹೇಳಿದೊಡನೆ ಕೇಳಿದವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. "ಬಿ.ಎ. ಓದುವ ಹುಡುಗನಿಗೆ ಇದೆಂಥ ಮಕ್ಕಳಾಟ?" ಎಂಬುದು ಆ ನಗೆಯ ಅರ್ಥ. ಮೂರು ವರ್ಷಗಳಿಂದ ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಕಾಲೇಜು ಬಿಡುವ ಕಾಲ ಬಂದಿದೆ. ಸಂಪಾದಕರು ಜಾಗವನ್ನೂ ಕೊಟ್ಟಿದ್ದಾರೆ. ಇನ್ನು ಸುಮ್ಮನಿರುವುದು ಸರಿಯಲ್ಲ.

ಈ ಹವ್ಯಾಸಕ್ಕೆ ಹೊರಲೋಕದಲ್ಲಿ ಕಾಸ್‌ಪ್ಲೇ ಎಂದು ಹೆಸರು. ಉಡುಪು, ಆಟ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿ, ಜಪಾನಿನ ನೊಬುಯುಕಿ ತಕಾಹಾಶಿ ಎಂಬವರು 1980ರ ದಶಕದ ಆರಂಭದಲ್ಲಿ ಈ ಮಾತನ್ನು ಬಳಕೆಗೆ ತಂದರು. ಹೆಸರಿಗಿಂತ ಕೆಲಸ ಹಳೆಯದು. 1939ರಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ನ್ಯೂಯಾರ್ಕ್ ನಗರದಲ್ಲಿ ತಮ್ಮ ಮೊದಲ ವಿಶ್ವ ಸಮ್ಮೇಳನ ನಡೆಸಿದಾಗ, ಫಾರೆಸ್ಟ್ ಅಕರ್ಮನ್ ಮತ್ತು ಮಿರ್ಟಲ್ ಡಗ್ಲಸ್ ಎಂಬಿಬ್ಬರು ಮುಂಬರುವ ಕಾಲದ ಜನರ ಉಡುಪು ಹೀಗಿದ್ದೀತೆಂದು ಊಹಿಸಿದ ಬಟ್ಟೆಗಳನ್ನು ತೊಟ್ಟು ಬಂದಿದ್ದರು. ಇಬ್ಬರ ಉಡುಪನ್ನೂ ಮಾಡಿದವರು ಡಗ್ಲಸ್. ಆದರೆ ಈ ಪದ್ಧತಿಯ ಮೂಲಪುರುಷನೆಂಬ ಕೀರ್ತಿ ಬಹುಕಾಲ ಅಕರ್ಮನ್ ಅವರಿಗೇ ಸಂದಿತು. ಆಕೆಯ ಹೆಸರು ಮುಂದೆ ಬಂದದ್ದು ತೀರ ತಡವಾಗಿ. ದರ್ಜಿಯ ಮಗನಾದ ನನಗೆ ಇದು ಹೊಸದೆನಿಸಲಿಲ್ಲ. ಮದುವೆಯ ಚಪ್ಪರದಲ್ಲಿ ಮದುಮಗನ ಕೋಟನ್ನು ನೂರು ಜನ ಹೊಗಳುತ್ತಾರೆ. ಹೊಲಿದವರು ಯಾರೆಂದು ಕೇಳುವವರು ಇಬ್ಬರೋ ಮೂವರೋ.

ಜಪಾನಿನ ನಗೋಯಾ ನಗರದಲ್ಲಿ 2003ರಲ್ಲಿ ಈ ಕಲೆಯ ವಿಶ್ವಕೂಟವೊಂದು ಆರಂಭವಾಯಿತು. ಭಾರತದ ಮಟ್ಟಿಗೆ, ಕಾಮಿಕ್ ಕಾನ್ ಎಂಬ ಚಿತ್ರಕಥೆಗಳ ಮೇಳ 2011ರಲ್ಲಿ ದೆಹಲಿಯಲ್ಲಿ ಮೊದಲು ನಡೆದು, ಮರುವರ್ಷ ಬೆಂಗಳೂರಿಗೆ ಬಂದಿತು. ಎರಡನೆಯ ಬಿ.ಎ.ಯಲ್ಲಿದ್ದಾಗ ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ವೇಷವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ರಾತ್ರಿ ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲವನ್ನು ಮುಟ್ಟಿ ನೋಡಿ, "ಏನಪ್ಪಾ, ಕೋಳಿಯೇನಾದರೂ ಇದೆಯಾ?" ಎಂದು ಕೇಳಿದರು. ಕವಚ ಎಂದೆ. ಅವರು ಇನ್ನೇನೂ ಕೇಳದೆ ಮುಂದೆ ಹೋದರು.

ಇಂಥವನ ದಿನಚರಿ ಹೇಗಿರುತ್ತದೆಂದು ಕೆಲವರಿಗೆ ಕುತೂಹಲವಿರಬಹುದು. ಬೆಳಗ್ಗೆ ಎಲ್ಲರಂತೆ ತರಗತಿ. ಸಂಜೆ ಪೇಟೆಯ ನಮ್ಮ ಅಂಗಡಿಯಲ್ಲಿ ಅಪ್ಪನಿಗೆ ಗುಂಡಿ ಹಚ್ಚಿಕೊಡುವುದು, ಕಾಜ ಹೊಲಿಯುವುದು. ರಾತ್ರಿ ಒಂಬತ್ತಕ್ಕೆ ಅಪ್ಪ ಯಂತ್ರದಿಂದ ಎದ್ದ ಮೇಲೆ ಅದು ನನ್ನದು. ಮೊದಲ ವಾರವೆಲ್ಲ ಬರಿಯ ನೋಟ: ಪಾತ್ರದ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ, ಹಿಂದಿನಿಂದ ಮುಂದಿನಿಂದ ನೋಡಿ, ನೆರಿಗೆ ಎಷ್ಟು, ಜೋಡಣೆ ಎಲ್ಲಿ ಎಂದು ಬರೆದುಕೊಳ್ಳಬೇಕು. ಅನಂತರ ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಅಳತೆ ಕತ್ತರಿಸಿ ಮೈಗೆ ಹಿಡಿದು ನೋಡಬೇಕು. ಬಟ್ಟೆಗೆ ಕತ್ತರಿ ತಗಲುವುದು ಎಲ್ಲಕ್ಕಿಂತ ಕಡೆಗೆ. ಇದರಿಂದ ನನ್ನ ಸಿನಿಮಾ ನೋಡುವ ಸುಖ ಕೆಟ್ಟಿದೆ. ನಾಯಕನು ಪ್ರಾಣ ಬಿಡುವಾಗ ಪಕ್ಕದವರು ಕಣ್ಣೊರಸಿಕೊಳ್ಳುತ್ತಿದ್ದರೆ, ನಾನು ಅವನ ಭುಜದ ಹೊಲಿಗೆ ಎಲ್ಲಿಗೆ ಮುಗಿಯಿತೆಂದು ಇಣುಕುತ್ತಿರುತ್ತೇನೆ.

ಕವಚ, ಶಿರಸ್ತ್ರಾಣಗಳಿಗೆ ಇ.ವಿ.ಎ. ಫೋಮ್ ಎಂಬ ಹಗುರವಾದ ಹಾಳೆ ಬಳಕೆಯಲ್ಲಿದೆ. ಮಕ್ಕಳು ಆಡುವ ಕೋಣೆಗೆ ಹಾಸುವ ಮೆತ್ತನೆಯ ಚೌಕಗಳೂ ಅದರವೇ. ಬಿಸಿಗಾಳಿ ಹಾಯಿಸಿದರೆ ಅದರ ಮೇಲ್ಮೈಯ ರಂಧ್ರಗಳು ಮುಚ್ಚಿಕೊಂಡು ನುಣುಪಾಗುತ್ತದೆ. ಬಿಸಿ ಇರುವಾಗಲೇ ಬಗ್ಗಿಸಿ ಹಿಡಿದರೆ ಆರಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಅಂಟನ್ನು ಎರಡೂ ಅಂಚಿಗೆ ಸವರಿ, ಸ್ವಲ್ಪ ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಅವಸರ ಮಾಡಿದರೆ ಜೋಡಣೆ ಬಿಡುತ್ತದೆ. ನನ್ನ ಮೊದಲ ಕವಚವು ಆ ಮೇಳದ ಬಾಗಿಲಿನಲ್ಲೇ ಎರಡು ಹೋಳಾಯಿತು. ಪಿನ್ನು ಚುಚ್ಚಿಕೊಂಡು ದಿನ ಕಳೆದೆ.

ಇಲ್ಲಿ ಮಿತ್ರರು ಎತ್ತುವ ದೊಡ್ಡ ಆಕ್ಷೇಪವೊಂದುಂಟು. "ಇದೆಲ್ಲ ಪರದೇಶದ ಅನುಕರಣೆ, ನಮ್ಮ ನೆಲಕ್ಕೂ ಇದಕ್ಕೂ ಏನು ನಂಟು?" ಎಂದು. ನಾನು ಅನುಕರಣೆಯಿಂದಲೇ ಆರಂಭಿಸಿದೆನೆಂದು ಒಪ್ಪುತ್ತೇನೆ. ಆದರೆ ಮಲೆನಾಡಿನಲ್ಲಿ ಹುಟ್ಟಿದವರು ಈ ಪ್ರಶ್ನೆ ಕೇಳುವ ಮುನ್ನ ಒಮ್ಮೆ ಯಕ್ಷಗಾನದ ಚೌಕಿಗೆ ಹೋಗಿ ನಿಲ್ಲಬೇಕು. ನಾನು ಏಳೆಂಟು ವರ್ಷದವನಿದ್ದಾಗ, ಮೇಳವೊಂದು ನಮ್ಮೂರಿಗೆ ಬಂದಿತ್ತು. ಯಾವನೋ ಕಲಾವಿದನ ದಗಲೆ ಹರಿದು, ಅಪ್ಪನಿಗೆ ಕರೆ ಬಂತು. ಅವರ ಬೆನ್ನ ಹಿಂದೆ ನಾನೂ ಚೌಕಿ ಹೊಕ್ಕೆ. ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರಗಳನ್ನು ದೂರದಿಂದ ಕಂಡು ಚಿನ್ನವೆಂದುಕೊಂಡಿದ್ದೆ. ಕೈಗೆತ್ತಿಕೊಂಡರೆ ಹಗುರವಾದ ಮರ! ಮೇಲೆ ಬೇಗಡೆ, ಕನ್ನಡಿಯ ಚೂರು. ಒಣಹುಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿ, ಅದರ ಮೇಲೆ ಮುಂಡಾಸು ಏರಿಸುತ್ತಿದ್ದರು. ನೋಡುವವರಿಗೆ ಭಾರವಾಗಿ ಕಾಣಬೇಕು, ಇರುಳೆಲ್ಲ ಕುಣಿಯುವವನಿಗೆ ಹಗುರವಾಗಿರಬೇಕು: ಫೋಮಿನ ಹಾಳೆಯನ್ನು ಬಗ್ಗಿಸುವವನ ಮುಂದಿರುವುದೂ ಇದೇ ಲೆಕ್ಕ. ನಮ್ಮ ಹಿರಿಯರು ಅದನ್ನು ಎಂದೋ ಬಿಡಿಸಿದ್ದರು. ಬೆಂಗಳೂರಿನ ಮೇಳದಲ್ಲಿ ನಾನು ಕಂಡ ಬೆರಗಿನ ಬೀಜ ಆ ಚೌಕಿಯಲ್ಲಿ ಬಿದ್ದದ್ದು.

ಎರಡನೆಯ ಆಕ್ಷೇಪ ಮನೆಯದು. ಅದು ಹೆಚ್ಚು ತೂಕದ್ದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಒಂದು ರಾತ್ರಿ ನಾನು ಯಂತ್ರದ ಮುಂದೆ ಕುಳಿತದ್ದನ್ನು ಕಂಡು ಅಪ್ಪ, "ಈ ಸೂಜಿ ನಿನ್ನ ಕೈಗೆ ಬರಬಾರದು ಅಂತ ಅಲ್ವೇನೋ ನಿನ್ನ ಓದ್ಸಿದ್ದು?" ಎಂದರು. ಬೈದಿದ್ದರೆ ವಾದಿಸಬಹುದಿತ್ತು, ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿದ್ಧ ಉಡುಪುಗಳ ಅಂಗಡಿಗಳು ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದ್ದನ್ನು ಕಂಡವರು ಅವರು. ಹಬ್ಬದ ಮುನ್ನಾದಿನ ಬೆಳಗಿನ ಜಾವದವರೆಗೆ ಊರಿನ ಮಕ್ಕಳಿಗೆಲ್ಲ ಹೊಸ ಅಂಗಿ ಹೊಲಿದು, ನನಗೆ ಮಾತ್ರ ಉಳಿದ ತುಂಡುಗಳಲ್ಲಿ ಹೊಲಿದುಕೊಟ್ಟವರು. ಆ ಸೂಜಿಯಲ್ಲಿ ಅವರು ಹಸಿವನ್ನು ಕಂಡಿದ್ದಾರೆ. ನಾನು ಅದರಲ್ಲಿ ಆಟವನ್ನು ಕಾಣುತ್ತಿದ್ದೆ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅದಕ್ಕಿಂತ ಹೆಚ್ಚು ಕಾಡಿದ್ದು ನನ್ನದೇ ನಡತೆ. ಮೊದಲ ವರ್ಷ ತರಗತಿಯಲ್ಲಿ ತಂದೆಯ ಉದ್ಯೋಗ ಕೇಳಿದಾಗ ನಾನು 'ವ್ಯಾಪಾರ' ಎಂದು ಬರೆದುಕೊಟ್ಟಿದ್ದೆ! ಬೆರಳ ತುದಿಯ ಸೂಜಿಗಾಯಿಗಳನ್ನು ಯಾರಿಗೂ ಕಾಣದಂತೆ ಮಡಚಿಕೊಳ್ಳುತ್ತಿದ್ದೆ. ನನ್ನಂತೆ ಕುಂಬಾರರ, ಕಮ್ಮಾರರ, ಬಡಗಿಗಳ, ಗದ್ದೆ ಉಳುವವರ ಮನೆಗಳಿಂದ ಬಂದ ಎಷ್ಟು ಮಂದಿ ಈ ಕಾಲೇಜಿನಲ್ಲಿ ಕೈ ಮಡಚಿಕೊಂಡು ಕುಳಿತಿದ್ದಾರೋ ನಾನರಿಯೆ. ಇದನ್ನು ಯಾವ ಅಧ್ಯಾಪಕರೂ ನಮಗೆ ಕಲಿಸಲಿಲ್ಲ. ಆದರೂ ಪದವಿ ಎಂದರೆ ಕೈಕೆಲಸದಿಂದ ಬಿಡುಗಡೆ ಎಂಬ ಪಾಠವನ್ನು ನಾವೆಲ್ಲ ಹೇಗೋ ಕಲಿತುಬಿಡುತ್ತೇವೆ.

ಈ ಪಾಠ ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ಒಂದು ವೀರಗಲ್ಲು. ನಮ್ಮೂರ ಕೆರೆಯ ಏರಿಯ ಬದಿಯಲ್ಲಿ ಅದು ನಿಂತಿದೆ. ಲಿಪಿಯನ್ನು ನೋಡಿ ಹನ್ನೆರಡನೆಯ ಶತಮಾನದ್ದಿರಬಹುದೆಂದು ನಮ್ಮ ಇತಿಹಾಸದ ಅಧ್ಯಾಪಕರು ಹೇಳಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ನಾನೂ ಬರೆದು ಅಂಕ ಪಡೆದಿದ್ದೆ. ಕಳೆದ ವರ್ಷ ಆ ವೀರನ ವೇಷವನ್ನೇ ಕಟ್ಟಬೇಕೆಂದು ಹೊರಟಾಗಲೇ ನನಗೆ ಆ ಕಲ್ಲಿನ ಬಗ್ಗೆ ಏನೂ ಗೊತ್ತಿಲ್ಲವೆಂದು ತಿಳಿದದ್ದು. ಸೊಂಟದ ಬಟ್ಟೆ ಎಷ್ಟು ಉದ್ದ? ಕಾಸೆಯ ತುದಿಯನ್ನು ಎಲ್ಲಿ ಸಿಕ್ಕಿಸಿದ್ದಾನೆ? ಬಾಕುವನ್ನು ಹಿಡಿದ ಪಟ್ಟಿ ತೊಗಲಿನದೋ ನೂಲಿನದೋ? ಬಣ್ಣ ಯಾವುದು? ಕಲ್ಲು ಬಣ್ಣ ಹೇಳುವುದಿಲ್ಲ.

ಹಳೆಯ ಪಂಚೆಯೊಂದನ್ನು ತಂದು ಕಲ್ಲಿನಲ್ಲಿದ್ದಂತೆ ಉಟ್ಟೆ. ನಾಲ್ಕು ಹೆಜ್ಜೆಗೆ ಬಿಚ್ಚಿಕೊಂಡಿತು. ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನೊಬ್ಬರು ನಿಂತು ನಕ್ಕು, "ಹಂಗಲ್ಲ ಮಾರಾಯ, ಬಾ ಇಲ್ಲಿ" ಎಂದು ಎರಡೇ ನಿಮಿಷದಲ್ಲಿ ಕಚ್ಚೆ ಬಿಗಿದುಕೊಟ್ಟರು. ಆಮೇಲೆ ನಾನು ಓಡಿದೆ, ಕುಳಿತೆ, ಎದ್ದೆ, ಅದು ಅಲ್ಲಾಡಲಿಲ್ಲ. ಬಣ್ಣದ ಪ್ರಶ್ನೆಯನ್ನು ಹೊತ್ತು ಗ್ರಂಥಾಲಯಕ್ಕೆ ಹೋದಾಗ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಪರಿಚಯವಾಯಿತು. ಅದೇ ಹನ್ನೆರಡನೆಯ ಶತಮಾನದಲ್ಲಿ, ರಾಜ್ಯಭಾರದ ವಿಚಾರಗಳನ್ನು ಬರೆದ ಗ್ರಂಥದಲ್ಲಿಯೇ, ಅರಸನೊಬ್ಬನು ವಸ್ತ್ರಗಳಿಗಾಗಿ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅದು ಅರಸರ ಉಡುಪಿನ ಮಾತು, ನಮ್ಮ ಊರಿನ ಕಾಳಗದಾಳಿನದಲ್ಲ. ಆದರೂ ಬಟ್ಟೆಯ ವಿಚಾರ ವಿದ್ವಾಂಸರಿಗೆ ತಕ್ಕದ್ದಲ್ಲವೆಂಬ ನನ್ನ ಅಂಜಿಕೆ ಅಂದು ಹೋಯಿತು. ದೊರೆಗೆ ಇಲ್ಲದ ನಾಚಿಕೆ ದರ್ಜಿಯ ಮಗನಿಗೆ ಏಕೆ?

ಒಂದು ವೇಷ ಕಟ್ಟಲು ದನ ಕಾಯುವ ಅಜ್ಜನೂ ಬೇಕಾಯಿತು, ಚಾಲುಕ್ಯ ಚಕ್ರವರ್ತಿಯೂ ಬೇಕಾಯಿತು. ಓದಿದ್ದನ್ನು ಕೈಯಿಂದ ಮಾಡಲು ಹೊರಟಾಗ ಓದಿನಲ್ಲಿ ಉಳಿದ ತೂತುಗಳು ಕಾಣುತ್ತವೆ ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಟಿಪ್ಪಣಿಯಲ್ಲಿ ತಪ್ಪಿದ್ದರೆ ಪರೀಕ್ಷೆಯವರೆಗೆ ತಿಳಿಯುವುದಿಲ್ಲ. ಹೊಲಿಗೆಯಲ್ಲಿ ತಪ್ಪಿದ್ದರೆ ತೋಳೆತ್ತಿದ ಕೂಡಲೇ ತಿಳಿಯುತ್ತದೆ.

ಹವ್ಯಾಸದ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಬೆಂಗಳೂರಿನ ಮೇಳದ ಮುಂಚಿನ ಎರಡು ರಾತ್ರಿ ಬಣ್ಣ ಬಳಿಯುತ್ತ ಕುಳಿತು, ಮರುದಿನದ ಕಿರುಪರೀಕ್ಷೆಯಲ್ಲಿ ಅರ್ಥಶಾಸ್ತ್ರದ ಉತ್ತರಪತ್ರಿಕೆಯ ಮೇಲೆ ತೂಕಡಿಸಿದೆ. ಬಂದ ಅಂಕವನ್ನು ಇಲ್ಲಿ ಬರೆಯಲಾರೆ. ಹಣದ ವಿಷಯವೂ ಉಂಟು. ಸಾವಿರಾರು ರೂಪಾಯಿ ಸುರಿದು ಸಿದ್ಧವೇಷ ತರಿಸಿಕೊಳ್ಳುವವರ ಜೊತೆ ನನ್ನಂಥವನು ಪೈಪೋಟಿಗೆ ಇಳಿದರೆ ಮನೆ ಮುಳುಗುತ್ತದೆ. ಅದಕ್ಕಾಗಿ ನಾನೊಂದು ನಿಯಮ ಮಾಡಿಕೊಂಡೆ: ಅಂಗಡಿಯ ಚಿಂದಿ, ರಟ್ಟು, ಹಳೆಯ ಬಕ್ರಂ ಇವು ಮೊದಲು, ಕೊಳ್ಳುವುದು ಕಡೆಗೆ. ಹಣವಿದ್ದವರ ಮೇಲೆ ನನಗೆ ಮುನಿಸಿಲ್ಲ. ಆದರೆ ಕೊಂಡ ವೇಷ ತೊಟ್ಟವನಿಗೆ ತೊಡುವ ಸಂತೋಷ ಸಿಕ್ಕೀತು. ಅದು ಹೇಗಾಯಿತೆಂಬ ತಿಳಿವು ಸಿಕ್ಕದು.

ಇನ್ನು ನನ್ನ ಸಲಹೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ನಾಟಕಕ್ಕೆ ಪ್ರತಿ ವರ್ಷವೂ ವೇಷಗಳನ್ನು ಬಾಡಿಗೆಗೆ ತರುತ್ತೇವೆ. ಹೋದ ವರ್ಷ ನಮ್ಮ ದುರ್ಯೋಧನನ ಕಿರೀಟವು ಅವನ ತಲೆಗಿಂತ ದೊಡ್ಡದಾಗಿ, ಮಾತಿನ ನಡುವೆ ಕಣ್ಣಿನ ಮೇಲೆ ಇಳಿದು, ಮಗನೂ ತಂದೆಯಂತೆ ಕುರುಡನಾದದ್ದನ್ನು ಎಲ್ಲರೂ ನೋಡಿ ನಕ್ಕಿದ್ದೀರಿ. ಆ ಬಾಡಿಗೆಯ ಹಣದಲ್ಲಿ ಎರಡು ಹಳೆಯ ಹೊಲಿಗೆ ಯಂತ್ರಗಳು ಬರುತ್ತವೆ. ಖಾಲಿ ಬಿದ್ದಿರುವ ಒಂದು ಕೋಣೆಯನ್ನು ಪ್ರಾಂಶುಪಾಲರು ಕೊಡಲಿ. ಶನಿವಾರ ಮಧ್ಯಾಹ್ನ ಅಲ್ಲಿ ವೇಷ ಕಟ್ಟೋಣ. ಯಾವ ಕಾಲಕ್ಕೆ ಯಾವ ಉಡುಪೆಂದು ಇತಿಹಾಸದ ವಿದ್ಯಾರ್ಥಿಗಳು ಹುಡುಕಲಿ. ಖರ್ಚಿನ ಲೆಕ್ಕವನ್ನು ಅರ್ಥಶಾಸ್ತ್ರದವರು ಇಡಲಿ. ಪಾತ್ರದ ಸ್ವಭಾವಕ್ಕೆ ಬಣ್ಣ ಒಪ್ಪುವುದೋ ಇಲ್ಲವೋ ಕನ್ನಡದವರು ಹೇಳಲಿ. ಪೇಟೆಯ ದರ್ಜಿಯೊಬ್ಬರನ್ನೂ, ವೇಷ ಕಟ್ಟಿ ಪಳಗಿದ ಕಲಾವಿದರೊಬ್ಬರನ್ನೂ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವಂತೆ ಕುರ್ಚಿಯನ್ನೂ ಗೌರವಧನವನ್ನೂ ಕೊಟ್ಟು ಪಾಠ ಹೇಳಿಸಿಕೊಳ್ಳೋಣ. ತನ್ನ ತಂದೆಯಂಥವರೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದನ್ನು ಕಂಡ ಹುಡುಗ ಮುಂದೆ ಯಾವ ಅರ್ಜಿಯಲ್ಲಿಯೂ 'ವ್ಯಾಪಾರ' ಎಂದು ಬರೆಯಲಾರ.

ಅಪ್ಪನಿಗೆ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಅವರಿಗೆ ಸೂಜಿಯನ್ನು ಬಿಡುವ ಸ್ವಾತಂತ್ರ್ಯವಿರಲಿಲ್ಲ, ನನಗೆ ಉಂಟು. ಆ ಸ್ವಾತಂತ್ರ್ಯವನ್ನು ಗಳಿಸಿಕೊಟ್ಟವರು ಅವರೇ ಆದ್ದರಿಂದ, ಸೂಜಿಯನ್ನು ನಾಚಿಕೆಯಿಲ್ಲದೆ ಹಿಡಿಯುವುದು ಅವರ ಋಣ ತೀರಿಸುವ ಒಂದು ದಾರಿ ಎಂದುಕೊಂಡಿದ್ದೇನೆ. ಬೆಂಗಳೂರಿಗೆ ಹೊರಟ ಹಿಂದಿನ ರಾತ್ರಿ ನಾನು ವೇಷದ ಅಂಗಿ ತೊಟ್ಟು ನಿಂತಿದ್ದೆ. ಅಪ್ಪ ಮಲಗಿದ್ದಲ್ಲಿಂದಲೇ ನೋಡಿ, "ಕಂಕುಳ ಹತ್ರ ಅರ್ಧ ಅಂಗುಲ ಜಾಸ್ತಿ ಬಿಟ್ಟಿದ್ರೆ ಹಿಂಗೆ ಎಳೀತಿತ್ತಾ? ಬಿಚ್ಚು, ಕೊಡು" ಎಂದರು. ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಟ್ಟು, ಇನ್ನೇನೂ ಹೇಳದೆ ಮಲಗಿದರು.

ನನ್ನಲ್ಲಿರುವ ಕಾಗದದ ಅಳತೆಗಳನ್ನೆಲ್ಲ ಕಟ್ಟುಕಟ್ಟಿ ನಾಟಕ ಸಂಘದ ಬೀರುವಿನಲ್ಲಿ ಇಟ್ಟು ಹೋಗುತ್ತೇನೆ, ಬೇಕಾದವರು ತೆಗೆದುಕೊಳ್ಳಬಹುದು. ಪ್ರತಿಯಾಗಿ ನಾನು ಕೇಳುವುದು ಇಷ್ಟೇ. ಮುಂದಿನ ವಾರ್ಷಿಕೋತ್ಸವದ ಕರಪತ್ರದಲ್ಲಿ ನಟರ ಹೆಸರುಗಳ ಕೆಳಗೆ, ವೇಷ ಹೊಲಿದ ವಿದ್ಯಾರ್ಥಿಗಳ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸಿರಿ.